ಅಕ್ಕನ ದುಂಡುಮಲ್ಲಿಗೆ, ನನ್ನ ಕಾಕಡ

ಇವತ್ತು ಬೆಳಿಗ್ಗೆ ಸೊಸೆ ಕುಂಡದ ಮಲ್ಲಿಗೆಯ ಎಲೆಗಳನ್ನೆಲ್ಲ ಕಿತ್ತು ಹಾಕುತ್ತಿದ್ದಳು. ಆ ಹಸಿ ಎಲೆಯ ವಾಸನೆಗೆ ಕುರುಗೋಡಿನ ನಮ್ಮ ಹಿತ್ತಲು ಕಣ್ಣೆದುರು ಬಂತು. ನಮ್ಮ ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ.

ಅವ್ವ ನಮ್ಮಿಬ್ಬರಿಗೂ ಒಂದೊಂದು ಗಿಡ ಹಚ್ಚಿಕೊಟ್ಟಿದ್ದಳು. ಅಕ್ಕನದು ದುಂಡುಮಲ್ಲಿಗೆ, ನನ್ನದು ಕಾಕಡ. ನನ್ನದು ಚಳಿಗಾಲವಿಡೀ ಬುಟ್ಟಿಗಟ್ಟಲೆ ಬಿಡುತ್ತಿತ್ತು, ಆದರೆ ಮೂಗಿಗೆ ಹಿಡಿದರೆ ಏನೂ ಇಲ್ಲ. ಅಕ್ಕನದು ಬೇಸಿಗೆಯಲ್ಲಿ ಹಿಡಿಯಷ್ಟು ಬಿಟ್ಟರೂ ಬೀದಿಯವರೆಗೆ ಘಮ. ಬಂದವರೆಲ್ಲ ಅವಳ ಜಡೆಯನ್ನೇ ಮೂಸುತ್ತಿದ್ದರು. ಅಜ್ಜಿಯಂತೂ, "ನಿನ್ನ ಹೂವು ದೇವರಿಗೆ ಇರ್ಲಿ ಬಿಡವಾ, ದೇವರೇನು ಮೂಸಿ ನೋಡ್ತಾನ?" ಎಂದು ನಗುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಚಳಿಗಾಲದ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಕ್ಕನ ಗಿಡದ ಎಲೆಗಳನ್ನು ಒಂದೂ ಬಿಡದೆ ಕಿತ್ತೆ. ಸಾಯಲಿ ಎಂದೇ ಕಿತ್ತೆ. ಬರೀ ಕಡ್ಡಿ ಉಳಿಯಿತು.

ಸಂಜೆ ಅವ್ವ ನೋಡಿ, "ಎಲಿ ಯಾರು ಕಿತ್ತಾರ?" ಎಂದಾಗ ನಾನು ಅಜ್ಜಿಯ ಬೆನ್ನ ಹಿಂದೆ ಸರಿದೆ. ಆದರೆ ಅವ್ವ, "ಚಲೋ ಮಾಡೀರಿ. ಈಗ ಎಲಿ ಕಿತ್ರ ಮೊಗ್ಗು ಜಾಸ್ತಿ ಬರ್ತಾವು," ಎಂದಳು.

ಅಕ್ಕ ತಟ್ಟನೆ ಹೇಳಿದಳು, "ನಾನೇ ಕಿತ್ತೀನವ್ವ."

ಆ ಬೇಸಿಗೆ ಗಿಡದ ತುಂಬ ಮೊಗ್ಗು. ಅಕ್ಕನಿಗೆ ಮೊಗ್ಗಿನ ಜಡೆ ಹೆಣೆದರು. ಓಣಿಯೆಲ್ಲ ಅವಳ ಕೈಗುಣವನ್ನು ಹೊಗಳಿತು. ನಾನು ಬಾಯಿ ಬಿಡುವಂತಿರಲಿಲ್ಲ.

ಅಕ್ಕ ಈಗ ಸಿರುಗುಪ್ಪದಲ್ಲಿದ್ದಾಳೆ. ನಾನು ಇಲ್ಲಿ ಬರೆದದ್ದನ್ನೆಲ್ಲ ಮೊಮ್ಮಗಳಿಂದ ಓದಿಸಿ ಕೇಳುತ್ತಾಳೆ. ಇದನ್ನು ಸ್ವಲ್ಪ ಜೋರಾಗಿ ಓದವಾ: ಅಕ್ಕಾ, ಎಲಿ ಕಿತ್ತಾಕಿ ನಾನು. ಆ ಜಡಿ ನಂದು.