ಬಳೆಯ ಅಳತೆ

ಪೀಣ್ಯದಲ್ಲಿ ನನ್ನ ಪಕ್ಕದ ಲೇತ್ ಮೆಷಿನ್ ಅವನದು. ಬಾಗಲಕೋಟೆ ಕಡೆಯವನು. ಯಾವ ಕೆಲಸ ಕೊಟ್ಟರೂ ವರ್ನಿಯರ್ ಹಿಡಿದು, "ಮೊದಲ ಅಳತಿ ನೋಡೂಣ್ರಿ" ಎನ್ನುತ್ತಿದ್ದ.

ಗಡಿಯಲ್ಲಿ ಯುದ್ಧ ಶುರುವಾದ ವಾರ ನಮ್ಮ ಓನರ್, ಸೇನೆಗೆ ಹೆಸರು ಕೊಡಿ ಎಂದು ವಯಸ್ಸಿನ ಹುಡುಗರನ್ನೆಲ್ಲ ಪೀಡಿಸತೊಡಗಿದ. ಇವನೊಬ್ಬ ಒಲ್ಲೆ ಎಂದ. ಮರುದಿನ ಬೆಳಿಗ್ಗೆ ಇವನ ಮೆಷಿನ್ ಮೇಲೆ ಒಂದು ಡಜನ್ ಹಸಿರು ಬಳೆ.

"ತೊಟ್ಕೊಳೋ, ಗಂಡಸಲ್ವಲ್ಲ ನೀನು," ಎಂದ ಓನರ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವನು ಮೆಷಿನ್ ನಿಲ್ಲಿಸಿ, ಒಂದು ಬಳೆ ಎತ್ತಿ ವರ್ನಿಯರ್ ಹಚ್ಚಿದ.

"ಅಳತಿ ತಪ್ಪೈತ್ರಿ, ಸಾವ್ಕಾರ್ರ. ಕಲ್ಲು ಒಡದು ನನ್ನ ಸಾಕಿದ ನಮ್ಮವ್ವನ ಕೈಗೆ ಇವು ಸಣ್ಣ ಆಗ್ತಾವ. ನಾಳೆ ಆಕಿ ಅಳತೀವು ತರ್ರಿ. ಹಾಕ್ಕೋತೀನಿ."