ಆರೂವರೆಯ ಬಸ್ಸಿಗೆ ಮುಂಚಿನ ಊಟ

"ಕೈ ಹಾಕಬೇಡ. ಅಪ್ಪ ಬರಲಿ."

ಪಾತ್ರೆಯ ಕಡೆ ಚಾಚಿದ್ದ ಕೈಯನ್ನು ಮಗಳು ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಒಂದು ಕಾಲಿಗೆ ಶೂ ಏರಿದೆ, ಇನ್ನೊಂದು ಇನ್ನೂ ಬರಿಗಾಲು. ಮಡಚುವ ಮೇಜಿನ ಮೇಲೆ ಮೂರು ತಟ್ಟೆ, ನಡುವೆ ಹಬೆಯಾಡುವ ಅನ್ನ, ಬೇಯಿಸಿದ ತರಕಾರಿ, ಹುರಿದ ಮೊಟ್ಟೆ. ಅಮ್ಮ ಕಿಟಕಿಯ ಸರಳು ಹಿಡಿದು ಬೀದಿಯ ತಿರುವನ್ನೇ ನೋಡುತ್ತಿದ್ದಾರೆ. ಬೀದಿದೀಪ ಇನ್ನೂ ಆರಿಲ್ಲ. ಆರಕ್ಕೆಲ್ಲ ಮನೆ ಸೇರಬೇಕಾದ ಗಂಡನ ಸುಳಿವಿಲ್ಲ. ಆರೂವರೆಗೆ ಮಗಳ ಬಸ್ಸು.

"ಬಸ್ಸು ಅಪ್ಪನಿಗೋಸ್ಕರ ನಿಲ್ಲಲ್ಲಮ್ಮ."

"ನಿಮ್ಮಪ್ಪನೂ ಬಸ್ಸಿಗೋಸ್ಕರ ಓಡೋರಲ್ಲ. ಕೂತ್ಕೊ ಸುಮ್ನೆ."

ಗೋದಾಮಿನ ರಾತ್ರಿ ಕಾವಲುಗಾರನಾದ ಅಪ್ಪ ಬಾಗಿಲು ತಳ್ಳಿಕೊಂಡು ಬರುವಾಗ ಉಳಿದಿರುವುದು ಹತ್ತೇ ನಿಮಿಷ. ಬದಲಿಗೆ ಬರಬೇಕಾದ ಹಗಲಿನವನು ತಡವಾಗಿ ಬಂದನಂತೆ. ಅವರು ಟೋಪಿ ತೆಗೆಯುವುದನ್ನೂ ಮರೆತು ಒದ್ದೆ ಕೈಯಲ್ಲೇ ಕೂರುತ್ತಾರೆ. ಮೇಜು ಚಿಕ್ಕದು, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತದೆ. ಅವರಿಗೆ ಇದು ರಾತ್ರಿಯೂಟ, ಉಂಡು ಮಲಗಬೇಕು. ಮಗಳಿಗೆ ಬೆಳಗಿನ ತಿಂಡಿ. ಅಮ್ಮನಿಗೆ ತಿಂಡಿಯೂ ಇದೇ, ಮಧ್ಯಾಹ್ನದ ಊಟವೂ ಇದೇ. ಮೂರು ಹೊತ್ತಿನ ಊಟ ಒಂದೇ ಮೇಜಿನಲ್ಲಿ ಮುಗಿಯುತ್ತಿದೆ.

"ಹೊಸ ಪಾಳಿ ವಿಷಯಕ್ಕೆ ಇವತ್ತು ಉತ್ತರ ಕೊಡಬೇಕಲ್ವಾ?" ಗಂಡ ಕೇಳುತ್ತಾರೆ.

ಆಕೆ ಮಗಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸುತ್ತಾರೆ.

ಆಕೆಗೆ ಹೆಸರಿದೆ, ಆದರೆ ಕೆಲಸದ ಜಾಗದಲ್ಲಿ ಅದನ್ನು ಬಲ್ಲವರು ಕಡಿಮೆ. ಅಲ್ಲಿ ಎಲ್ಲರಿಗೂ ಆಕೆ 'ಮುಚ್ಚಳದಕ್ಕ'. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ದೊಡ್ಡ ಅಡುಗೆ ಕೇಂದ್ರವಿದೆ. ಅಲ್ಲಿ ಬೇಯುವುದೆಲ್ಲ ಡಬ್ಬಿ ಸೇರಿ, ಬೈಕುಗಳನ್ನೇರಿ ಊರ ತುಂಬ ಹರಡುತ್ತದೆ. ಏಳಕ್ಕೆ ಆಕೆಯ ಪಾಳಿ. ಉದ್ದನೆಯ ಉಕ್ಕಿನ ಮೇಜಿನ ಕೊನೆಯಲ್ಲಿ ನಿಂತು, ತುಂಬಿ ಬರುವ ಡಬ್ಬಿಗಳಿಗೆ ಮುಚ್ಚಳ ಒತ್ತುವುದು ಆಕೆಯ ಕೆಲಸ. ನಾಲ್ಕು ಮೂಲೆ, ನಾಲ್ಕು ಸಲ 'ಟಕ್'. ಬಿಸಿ ಆರುವ ಮೊದಲೇ ಒತ್ತಿದರೆ ಹಬೆಗೆ ಮುಚ್ಚಳ ಉಬ್ಬಿ, ದಾರಿಯಲ್ಲಿ ಬಾಯಿಬಿಡುತ್ತದೆ. ಪೂರ್ತಿ ತಣ್ಣಗಾದ ಮೇಲೆ ಒತ್ತಿದರೆ ಉಣ್ಣುವವರ ಬೈಗುಳ. ಈ ಎರಡರ ನಡುವಿನ ಗಳಿಗೆ ಹಿಡಿಯಬೇಕು. ದಿನಕ್ಕೆ ಎರಡು ಸಾವಿರ ಡಬ್ಬಿಯಾದರೂ ಆ ಕೈ ದಾಟುತ್ತವೆ. ಬಲ ಹೆಬ್ಬೆರಳಿನ ಚರ್ಮ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿದೆ. ಕಾಲುಗಳ ಕಥೆ ಬೇರೆ: ನಿಂತು ನಿಂತು ನರಗಳು ಹಗ್ಗದಂತೆ ಎದ್ದಿವೆ, ಸಂಜೆಯ ಹೊತ್ತಿಗೆ ಪಾದ ಚಪ್ಪಲಿಗೆ ಹಿಡಿಸುವುದಿಲ್ಲ.

ಮೊದಲು ಅಲ್ಲಿ 'ಮನೆ ಡಬ್ಬಿ' ಎಂಬುದೊಂದಿತ್ತು. ನಾಲ್ಕು ಜನರ ಊಟ ಹಿಡಿಸುವ ಅಗಲದ್ದು. ಅದನ್ನು ಕೇಳುವವರೇ ಇಲ್ಲವಾಗಿ ಹೋದ ವರ್ಷ ನಿಲ್ಲಿಸಿದರು. ಈಗ ಎಲ್ಲವೂ ಒಬ್ಬರ ಡಬ್ಬಿ. ಹಾಗೆಂದು ಮನೆಗಳಲ್ಲಿ ಜನ ಕಡಿಮೆಯಾಗಿಲ್ಲ. ಒಂದೇ ವಿಳಾಸಕ್ಕೆ ನಾಲ್ಕು ಡಬ್ಬಿ ಹೋಗುತ್ತವೆ, ನಾಲ್ಕು ಬೇರೆ ಬೇರೆ ಹೊತ್ತಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಕಾಲ ಎಂದು ಪಕ್ಕದಲ್ಲಿ ಸಾರು ತುಂಬುವ ಹೆಂಗಸು ನಗುತ್ತಾಳೆ. ಮುಚ್ಚಳದಕ್ಕ ನಗುವುದಿಲ್ಲ.

"ನಾನು ಯಾರನ್ನ ಆಡಿಕೊಳ್ಳಲಿ? ನಮ್ಮನೇನೂ ಹಾಗೇ ಇತ್ತು," ಎನ್ನುತ್ತಾರೆ.

ಎರಡು ವರ್ಷದ ಹಿಂದಿನ ಮಾತು. ಗಂಡನಿಗೆ ರಾತ್ರಿ ಕೆಲಸ, ಮಗಳಿಗೆ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಆಗತಾನೆ ಸಿಕ್ಕ ಕೆಲಸ. ಆಕೆ ಸಂಜೆ ಒಂದು ಪಾತ್ರೆ ಅಡುಗೆ ಮಾಡಿಟ್ಟು ಕಾಲುನೋವಿಗೆ ಮಲಗಿಬಿಡುತ್ತಿದ್ದರು, ಬಂದವರು ಬಂದ ಹೊತ್ತಿಗೆ ಬಿಸಿ ಮಾಡಿಕೊಂಡು ಉಣ್ಣುವುದು. ಮಗಳು ರಾತ್ರಿ ಬಂದು, ಅಪ್ಪ ಅಮ್ಮನಿಗೆ ಇರಲಿ ಎಂದು ಎರಡು ಸೌಟು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಎದ್ದು ಮುಚ್ಚಳ ತೆರೆದ ಅಮ್ಮನಿಗೆ ಪಾತ್ರೆ ತುಂಬಿದಂತೆಯೇ ಕಾಣುತ್ತಿತ್ತು. ಇಬ್ಬರೂ ಉಂಡಿಲ್ಲವೆಂದುಕೊಂಡು ಒಂದೇ ಸೌಟು. ಬೆಳಿಗ್ಗೆ ಬಂದ ಗಂಡನದೂ ಅದೇ ಲೆಕ್ಕಾಚಾರ. ಉಳಿದದ್ದು ಹಳಸಿದರೆ ಚೆಲ್ಲುತ್ತಿದ್ದರು. ಯಾಕೆ ಉಳಿಯಿತೆಂದು ಕೇಳಲು ಮೂವರೂ ಒಂದು ಕಡೆ ಕೂತರೆ ತಾನೆ? ತಿಂಗಳುಗಟ್ಟಲೆ ಮೂವರೂ ಹೀಗೆ ಒಬ್ಬರಿಗಾಗಿ ಒಬ್ಬರು ಅರೆಹೊಟ್ಟೆಯಲ್ಲಿದ್ದರು. ಕೊನೆಗೊಂದು ದಿನ ಮಗಳು ಕೌಂಟರಿನಲ್ಲೇ ಕುಸಿದಳು. ಬಿದ್ದಾಗ ಗಾಜು ತಾಗಿ ಹುಬ್ಬಿಗೆ ಹೊಲಿಗೆ ಹಾಕಬೇಕಾಯಿತು. ಆ ಗೆರೆ ಈಗಲೂ ಇದೆ.

"ಊರಿಗೆಲ್ಲ ಊಟ ಕಟ್ಟೋಳ ಮಗಳು ಹೊಟ್ಟೆಗಿಲ್ಲದೆ ಬಿದ್ಲು ಅಂದ್ರೆ ಯಾರಾದ್ರೂ ನಂಬ್ತಾರಾ? ನಾಚಿಕೆ ಆಮೇಲೆ ಆಯ್ತು. ಮೊದಲು ಹೆದರಿಕೆ."

ಅಂದಿನಿಂದ ಈ ಕಟ್ಟಳೆ. ಮೂವರೂ ಒಟ್ಟಿಗೆ ಎಚ್ಚರವಾಗಿ ಮನೆಯಲ್ಲಿರುವುದು ಬೆಳಗಿನ ಆ ಅರ್ಧ ಗಂಟೆ ಮಾತ್ರ. ಏನೇ ಆಗಲಿ, ಆ ಹೊತ್ತಿನಲ್ಲಿ ಒಬ್ಬರ ಕಣ್ಣೆದುರು ಒಬ್ಬರು ಹೊಟ್ಟೆ ತುಂಬ ಉಣ್ಣಬೇಕು.

ಆ ಅರ್ಧ ಗಂಟೆಯೇ ಈಗ ಪಣಕ್ಕಿದೆ. ಅಡುಗೆ ಕೇಂದ್ರದಲ್ಲಿ ಬೆಳಗಿನ ಐದಕ್ಕೆ ಹೊಸ ಪಾಳಿ ಶುರುವಾಗುತ್ತಿದೆ. ಅದರ ಮೇಲ್ವಿಚಾರಣೆ ಮುಚ್ಚಳದಕ್ಕನಿಗೇ ಎಂದು ವ್ಯವಸ್ಥಾಪಕರು ಹೇಳಿದ್ದಾರೆ. ನಿಲ್ಲಬೇಕಿಲ್ಲ, ಕುರ್ಚಿ ಕೊಡುತ್ತಾರೆ. ಒಲ್ಲೆ ಎಂದರೆ? ಏಳರ ಪಾಳಿಯಲ್ಲಿ ಮುಚ್ಚಳ ಒತ್ತಲು ಯಂತ್ರ ಬರಲಿದೆಯಂತೆ. ಆಮೇಲೆ ಆಕೆಗೆ ಎಲ್ಲಿ ಜಾಗ ಎಂಬುದನ್ನು ಅವರು ಹೇಳಿಲ್ಲ.

ಬಿಸಿತುಪ್ಪ ಎಂದರೆ ಇದೇ. ಮನೆಯಲ್ಲಿ ಇಬ್ಬರೂ ಒಪ್ಪಿಕೊ ಎನ್ನುವವರೇ. ನಿನ್ನ ಕಾಲು ಹೋದರೆ ಊಟ ಬಡಿಸುವವರು ಯಾರು ಎಂದು ಗಂಡ ಕೇಳುತ್ತಾರೆ. ನಾನೇನು ಎಳೆಮಗುವೇ, ಬಡಿಸಿಕೊಂಡು ತಿನ್ನುತ್ತೇನೆ ಎಂದು ಮಗಳು.

"ಬಡಿಸಿಕೊಂಡು ತಿಂದಿದ್ದನ್ನ ನೋಡಿದ್ದೀನಿ," ಎನ್ನುತ್ತಾರೆ ಅಮ್ಮ. ದೃಷ್ಟಿ ಮಗಳ ಹುಬ್ಬಿನ ಮೇಲಿದೆ. ಬಸ್ಸಿನ ಹಾರ್ನ್ ಕೇಳುತ್ತದೆ. ಮಗಳು ಉಳಿದ ಶೂವನ್ನು ಕೈಯಲ್ಲೇ ಹಿಡಿದು ಓಡುತ್ತಾಳೆ. ತಟ್ಟೆ ಖಾಲಿಯಾಗಿದೆ. ಅದನ್ನು ಖಾತ್ರಿ ಮಾಡಿಕೊಂಡೇ ಆಕೆ ಎದ್ದು ಕೆಲಸಕ್ಕೆ ಹೊರಡುತ್ತಾರೆ.

ಹನ್ನೊಂದರ ಹೊತ್ತಿಗೆ ಕರೆ ಬರುತ್ತದೆ. ವ್ಯವಸ್ಥಾಪಕರ ಕೋಣೆಗೆ ಗಾಜಿನ ಗೋಡೆ. ಹೊರಗೆ ಡಬ್ಬಿ ತುಂಬುತ್ತಿರುವ ಕೈಗಳೆಲ್ಲ ನಿಧಾನವಾಗುತ್ತವೆ, ಕಣ್ಣೆಲ್ಲ ಇತ್ತ ಕಡೆ. ವ್ಯವಸ್ಥಾಪಕರು ಆಕೆಗಿಂತ ಚಿಕ್ಕವರು, ಒಳ್ಳೆಯ ಮಾತಿನವರು. ಕೂರಲು ಹೇಳುತ್ತಾರೆ. ಆಕೆ ನಿಂತೇ ಇರುತ್ತಾರೆ.

ಐದರ ಬದಲು ಏಳಕ್ಕೇ ಬಂದು ಅದೇ ಕೆಲಸ ಮಾಡಬಹುದೇ ಎಂದು ಆಕೆ ಕೇಳುತ್ತಾರೆ. ಆಗದು, ಐದರ ಪಾಳಿಗೆ ಐದಕ್ಕೇ ಜನ ಬೇಕು. ವಾರದಲ್ಲಿ ಮೂರು ದಿನ? ಅದೂ ಆಗದು. ಇಷ್ಟಕ್ಕೂ ತೊಂದರೆ ಏನೆಂದು ಅವರು ಕೇಳುತ್ತಾರೆ. ಮನೆಯವರ ಊಟ, ಎನ್ನುತ್ತಾರೆ ಆಕೆ.

ವ್ಯವಸ್ಥಾಪಕರ ಮುಖ ಅರಳುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದಿನ ಯೋಚನೆ ಮಾಡಿದಿರಾ ಎಂಬಂತೆ ಮುಂದಕ್ಕೆ ಬಾಗುತ್ತಾರೆ.

"ಅಷ್ಟೇನಾ ಅಕ್ಕ? ನಾಳೆಯಿಂದ ನಿಮ್ಮನೆಗೆ ದಿನಾ ಮೂರು ಡಬ್ಬಿ ಪುಕ್ಕಟೆ ಕಳಿಸ್ತೀನಿ. ಯಾರು ಯಾವಾಗ ಮನೇಲಿರ್ತಾರೋ ಆಗ ಬಿಸಿಬಿಸಿಯಾಗಿ ಬಂದುಬಿಡುತ್ತೆ. ನೀವು ಒಲೆ ಹಚ್ಚೋದೂ ಬೇಡ."

ಆಕೆಯ ಭಾರವೆಲ್ಲ ಎಡಗಾಲಿನ ಮೇಲಿದೆ, ಬಲಗಾಲನ್ನು ಮೆಲ್ಲಗೆ ನೆಲದಿಂದ ಎತ್ತಿ ಮತ್ತೆ ಊರುತ್ತಾರೆ.

"ಬೇಡ ಸರ್."

ಡಬ್ಬಿ ಬೇಡವೋ, ಐದರ ಪಾಳಿಯ ಕೆಲಸ ಬೇಡವೋ ಎಂದು ಅವರು ಕೇಳುತ್ತಾರೆ.

"ಎರಡೂ ಬೇಡ."