ದನಿಯಿಲ್ಲದ ಚಾಟಿ

ಸಾಣಿಕಟ್ಟೆಯ ಉಪ್ಪು, ತದಡಿಯ ಒಣಮೀನು ಹೇರಿಕೊಂಡು ಕುಮಟೆ ಪೇಟೆಗೆ ಹೋಗುವ ಗಾಡಿಯವರಲ್ಲಿ ಬಹಳ ಜನರ ಕೈಯಲ್ಲಿ ಇದ್ದದ್ದು ಮಿರ್ಜಾನಿನ ಶನಿಯಾರನೆಂಬವ ಮಾಡಿದ ಚಾಟಿ. ಅವನೂ ಗಾಡಿ ಹೊಡೆಯುವವನೇ. ಮಳೆಗಾಲದಲ್ಲಿ ಗಾಡಿ ನಿಂತಾಗ ಜಗಲಿಯಲ್ಲಿ ಕೂತು ಚಾಟಿ ಹೆಣೆಯುತ್ತಿದ್ದ. ಬೆತ್ತದ ಕೋಲು, ಆಡಿನ ಚರ್ಮದ ಸಪೂರ ಬಾರು, ತುದಿಗೊಂದು ನಾರಿನ ಎಳೆ. ಬೀಸಿ ಮಣಿಕಟ್ಟನ್ನು ಹಿಂದಕ್ಕೆ ಎಳೆದರೆ ಎತ್ತಿನ ಬೆನ್ನಿಗಿಂತ ಮೇಲೆ, ಬರೀ ಗಾಳಿಯಲ್ಲಿ, ಚಟ್ ಎಂದು ದನಿ. ಎತ್ತಿಗೆ ಅಷ್ಟು ಸಾಕು. "ಹೊಡೆಯೂದು ಗಾಳಿಗೆ, ಎತ್ತಿಗಲ್ಲ" ಎಂದು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದ. ಅದನ್ನು ಕೇಳಿ ಕೇಳಿ ಕೆಲವರಿಗೆ ಬೇಸರವೂ ಬಂದಿತ್ತು.

ಎಪ್ಪತ್ತೆಂಟು, ಎಪ್ಪತ್ತೊಂಬತ್ತನೇ ಇಸವಿಯ ಹೊತ್ತಿಗೆ ಹೆದ್ದಾರಿಯಲ್ಲಿ ಲಾರಿಗಳು ಹೆಚ್ಚಾದವು. ಒಂದು ದಿನ ತದಡಿ ಕಡೆಯ ಗಾಡಿಯವ ಹಮ್ಮ ಬಂದು ಜಗಲಿಯ ಮೇಲೆ ಕೂತ.

"ಶನಿಯಾರ, ನಿನ್ನ ಚಾಟಿ ಈಗ ಮದುವಿ ಮನಿ ಪಟಾಕಿಗೆ ಅಡ್ಡಿಲ್ಲ ನೋಡು. ಲಾರಿ ಹಾರನ್ ಎದುರಿಗೆ ಅದರ ದನಿ ಯಾವ ಎತ್ತಿಗೆ ಕೇಳ್ತದೆ?"

"ಎತ್ತಿಗೆ ಕೇಳ್ತದೆ. ನಿಂಗೆ ಕೇಳೂದಿಲ್ಲ."

"ತಮಾಷೆ ಬೇಡ ಮಾರಾಯ. ಭಾರದ್ದು ಒಂದು ಮಾಡಿಕೊಡು. ಮುಟ್ಟಿದ್ರೆ ಮುಟ್ಟಿದ್ದು ಅಂತ ಗುತ್ತಾಗ್ಬೇಕು. ನಿನ್ ಕೈಲಿ ಆಗೂದಿಲ್ಲ ಅಂದ್ರೆ ಹೇಳು, ಹೊನ್ನಾವರದಲ್ಲಿ ಮಾಡಿಸ್ಕಂತೆ."

ಆ ಕೊನೆಯ ಮಾತೇ ಶನಿಯಾರನಿಗೆ ಚುಚ್ಚಿತು. ತನ್ನ ಕೈಯಲ್ಲಿ ಆಗದ ಚಾಟಿ ಯಾವುದದು? "ಬರೂ ಆಯ್ತವಾರ ಬಾ" ಎಂದುಬಿಟ್ಟ.

ನೆರೆಮನೆಯ ಮೀನುಗಾರ್ತಿ ಕಮಲಿ ದೊಡ್ಡ ತೊರಕೆ ಮೀನಿನ, ಚಾಟಿಯಂತೆಯೇ ಉದ್ದದ ಬಾಲವೊಂದನ್ನು ಒಣಗಿಸಿ ಮಾಡಿಗೆ ಸಿಕ್ಕಿಸಿಟ್ಟಿದ್ದಳು. ಅದನ್ನು ಬೇಡಿ ತಂದ. ವಿಷದ ಮುಳ್ಳು ಕಿತ್ತು, ಬಾಲವನ್ನೇ ಒಳಗಿನ ಎಲುಬು ಮಾಡಿ, ಸುತ್ತ ಎಮ್ಮೆಯ ದಪ್ಪ ಚರ್ಮ ಹೆಣೆದ. ತೂಕ ಸಾಲದೆಂದು ಹಳೇ ಬಲೆಯ ಸೀಸದ ಗುಂಡುಗಳನ್ನು ನಡುನಡುವೆ ಸೇರಿಸಿದ. ಹೊನ್ನೆ ಎಣ್ಣೆ ಕುಡಿಸಿ ಬಿಸಿಲಿಗಿಟ್ಟ. ಎರಡು ಬಿಸಿಲು ಕಂಡದ್ದೇ ಅದು ಹಾರೆಯಂತೆ ಸೆಟೆದು ನಿಂತಿತು.

ಹೆಂಡತಿ ಬಂಗಾರಿ ಅದನ್ನು ಎತ್ತಿ ನೋಡಿದಳು. "ಇದೆಂತ, ಚಾಟಿಯಾ ಒನಕೆಯಾ? ಅಕ್ಕಿ ಕುಟ್ಟೂಕೆ ಆತದೆ."

ಶನಿಯಾರ ಅಂಗಳದಲ್ಲಿ ನಿಂತು ಬೀಸಿದ. ದನಿಯೇ ಇಲ್ಲ. ಧಪ್ ಎಂದು ಮಣ್ಣಿಗೆ ಬಿತ್ತು, ಅಷ್ಟೆ. ಬೇಲಿಯಾಚೆ ನೋಡುತ್ತಿದ್ದ ಕಮಲಿ ಬಿದ್ದು ಬಿದ್ದು ನಕ್ಕಳು. "ನನ್ ತೊರಕೆ ಸತ್ಮೇಲೂ ಹಟ ಬಿಡೂದಿಲ್ಲ ಕಾಣು, ಬಾಯೇ ಬಿಡಲ್ಲ!"

ಗೊನೆ ಕಡಿದ ಬಾಳೆಯ ದಿಂಡಿಗೆ ಹೊಡೆದ. ಕತ್ತಿ ಹಾಕಿದಂತೆ ಅರ್ಧಕ್ಕೆ ಸೀಳಿತು. ಕಮಲಿಯ ನಗು ನಿಂತಿತು. ಬಂಗಾರಿ, "ಸಾಕು, ಬಿಚ್ಚಿ ಬಿಸಾಡಿ" ಎಂದು ಹೇಳಿ ಸೊಪ್ಪು ತರಲು ಬೆಟ್ಟಕ್ಕೆ ಹೋದಳು.

ಬಿಚ್ಚಿ ಬಿಸಾಡಬಹುದಿತ್ತು. ಆದರೆ ಕೈಕೆಲಸದವನ ತಲೆಯಲ್ಲಿ ಒಂದು ಹುಳ ಹೊಕ್ಕರೆ ಸುಲಭಕ್ಕೆ ಹೊರಡುವುದಿಲ್ಲ. ಬಾಳೆ ದಿಂಡಿಗೆ ಏನು ಗೊತ್ತು? ಎತ್ತು ಇದನ್ನು ಹೇಗೆ ತಿಳಿಯುತ್ತದೆ? ಬೆನ್ನ ಮೇಲೆ ಗಾಳಿಯಲ್ಲಿ ಒಂದು ಸಲ ಆಡಿಸಿದರೆ ತಪ್ಪೇನು? ಹೀಗೆಂದುಕೊಂಡು ಕೊಟ್ಟಿಗೆಗೆ ಹೋದ.

ಅಲ್ಲಿ ಇದ್ದದ್ದು ಜೋಡೆತ್ತು. ಬೆಳ್ಯ ಒದೆಯುವ ಜಾತಿ, ಹೊಸದೇನು ಕಂಡರೂ ಹಗ್ಗ ಹರಿಯುತ್ತಿತ್ತು. ಕೆಂದ ಹಾಗಲ್ಲ. ಕರುವಾಗಿದ್ದಾಗಿಂದ ಶನಿಯಾರನ ಕೈಯಲ್ಲೇ ಬೆಳೆದದ್ದು. 'ಹೋ, ನಿಲ್ಲು' ಎಂದರೆ ಎದುರಿಗೆ ಲಾರಿ ಬಂದರೂ ನಿಲ್ಲುತ್ತಿತ್ತು. ಶನಿಯಾರ ಒಂದು ಗಳಿಗೆ ಎರಡನ್ನೂ ನೋಡಿದ. ನೋಡಿ, ಕೆಂದನನ್ನೇ ಬಿಚ್ಚಿ ಅಂಗಳಕ್ಕೆ ತಂದ.

"ಹೋ, ನಿಲ್ಲು ಮಗಾ."

ಕೆಂದ ನಿಂತಿತು. ಶನಿಯಾರ ಯಾವಾಗಿನಂತೆ ಬೀಸಿ, ಯಾವಾಗಿನಂತೆಯೇ ಮಣಿಕಟ್ಟು ಹಿಂದಕ್ಕೆ ಎಳೆದ. ಸಪೂರ ಬಾರಾಗಿದ್ದರೆ ಕೈಯ ಮಾತು ಕೇಳಿ ತಿರುಗುತ್ತಿತ್ತು. ಇದು ಕೇಳಲಿಲ್ಲ. ಅದರ ಭಾರ ಅದನ್ನೇ ಎಳೆದುಕೊಂಡು ಹೋಗಿ ಕೆಂದನ ಬೆನ್ನಿನ ಮೇಲೆ ಅಡ್ಡಕ್ಕೆ ಬಿತ್ತು.

ಕೆಂದ ಹಾರಲಿಲ್ಲ, ಓಡಲಿಲ್ಲ. ನಿಲ್ಲು ಎಂದಿದ್ದನಲ್ಲ, ನಿಂತೇ ಇತ್ತು. ಚರ್ಮವೆಲ್ಲ ಒಮ್ಮೆ ನಡುಗಿತು. ಆಮೇಲೆ ಬಿಳಿಯ ಗೀರೊಂದು ಮೂಡಿ, ನೋಡುನೋಡುತ್ತ ಕೆಂಪಾಗಿ, ನೆತ್ತರು ಹೊಟ್ಟೆಯ ಪಕ್ಕಕ್ಕೆ ಇಳಿಯತೊಡಗಿತು. ಶನಿಯಾರ ಚಾಟಿಯನ್ನು ಕೆಳಗೆ ಹಾಕಿದ. ಓಡಿಹೋಗಿ ಅರಿಶಿನ, ಕೊಬ್ಬರಿ ಎಣ್ಣೆ ತಂದು ಮೆತ್ತಿದ. ಮೆತ್ತುವ ಕೈ ತನ್ನದಲ್ಲವೇನೋ ಅನ್ನಿಸುತ್ತಿತ್ತು.

ಬಂಗಾರಿ ಸೊಪ್ಪಿನ ಹೊರೆ ಇಳಿಸಿ ಕೇಳಿದಳು, "ಕೆಂದಗೆ ಎಂತ ಆತು?"

"ಬೇಲಿ ಮುಳ್ಳು ತಾಗ್ತು."

ಅವಳು ಗಾಯದ ಪಕ್ಕ ಬೆರಳಿಟ್ಟು ನೋಡಿದಳು. "ಮುಳ್ಳಾ?" ಎಂದಳು. ಒಳಗೆ ಹೋದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮರುದಿನವೇ ಆಯ್ತವಾರ, ಹಮ್ಮ ಬಂದ. ಚಾಟಿ ಎತ್ತಿ ತೂಗಿ ನೋಡಿ ಮುಖ ಅರಳಿಸಿದ. "ಇದಪ್ಪ ಚಾಟಿ ಅಂದ್ರೆ! ಪರೀಕ್ಷೆ ಮಾಡಿದ್ಯಾ?"

ಶನಿಯಾರ ನೆಲ ನೋಡಿದ. "ಬಾಳೆ ದಿಂಡಿಗೆ ಹೊಡೆದೆ."

"ಎಂತ ಆತು?"

"ಸೀಳ್ತು."

"ಹಾಗಾದ್ರೆ ಆತು ಬಿಡು" ಎಂದು ಹಮ್ಮ ಅದನ್ನು ಹೆಗಲಿಗೇರಿಸಿ ಹೊರಟ.

ಶನಿಯಾರ ಅಕ್ಕಿ ತೊಳೆದ ಅಕ್ಕಚ್ಚು ತುಂಬಿದ ಮರದ ಮರಿಗೆ ಹಿಡಿದು ಕೊಟ್ಟಿಗೆಗೆ ಹೋದ. ದಿನವೂ ಮರಿಗೆಗೆ ಮೊದಲು ಬಾಯಿ ಹಾಕುತ್ತಿದ್ದದ್ದು ಕೆಂದ. ಅಂದು ಮೈ ಸವರಲೆಂದು ಅವನು ಕೈ ಎತ್ತಿದ್ದಷ್ಟೇ, ಅದು ಹಗ್ಗ ಬಿಗಿಯುವ ತನಕ ಹಿಂದಕ್ಕೆ ಸರಿದು ಗೋಡೆಗೆ ಒತ್ತಿ ನಿಂತಿತು. ಕಣ್ಣು ಮಾತ್ರ ಅವನ ಕೈಯ ಮೇಲೆ.

ಅವನು ಮರಿಗೆಯನ್ನು ಅಲ್ಲೇ ಇಟ್ಟು ರಸ್ತೆಗೆ ಓಡಿದ. ಏರಿನ ಬುಡದಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಹಮ್ಮ ತನ್ನ ಎತ್ತುಗಳ ಹಿಂದೆ ಚಾಟಿ ಎತ್ತಿಕೊಂಡೇ ಇದ್ದ.

"ಹಮ್ಮಾ, ತಡಿ! ಅದನ್ನ ಇತ್ಲಾಗೆ ಕೊಡು."

"ಎಂತಕ್ಕೆ? ಕೊಟ್ಟದ್ದು ಕೊಟ್ಟಾತು."

"ನಾ ಸುಳ್ಳು ಹೇಳ್ದೆ. ನನ್ ಕೆಂದಗೆ ಹೊಡೆದೆ. ಬೆನ್ನು ಒಡ್ದೋತು." ಏದುಸಿರಲ್ಲಿ ಮಾತು ತಡೆಯಿತು. "ಬೆಳ್ಯ ಒದೀತದೆ ಅಂತ ಕೆಂದನ್ನ ಹಿಡ್ದೆ ಮಾರಾಯ. ನಿಲ್ಲು ಅಂತ ಹೇಳಿ ಹೊಡೆದೆ."

ಗಾಡಿಯವರೆಲ್ಲ ತಿರುಗಿ ನೋಡಿದರು. ಒಬ್ಬ, "ಎತ್ತಿಗೆ ಪೆಟ್ಟು ಬಿದ್ದದ್ದಕ್ಕೆ ಇಷ್ಟು ದೂರ ಓಡಿ ಬಂದ್ನಾ ಇಂವ!" ಎಂದು ನಗಲು ಹೋದ. ಬೇರೆ ಯಾರೂ ನಗಲಿಲ್ಲ. ಹಮ್ಮ ತನ್ನ ಎತ್ತುಗಳ ಬೆನ್ನು ನೋಡಿದ, ಕೈಯಲ್ಲಿದ್ದುದನ್ನು ನೋಡಿದ. "ತಕಾ ನಿನ್ನ ಒನಕೆ" ಎಂದು ಎಸೆದ. ಶನಿಯಾರ ಗಾಡಿಯವನೊಬ್ಬನ ಕತ್ತಿ ಇಸಿದುಕೊಂಡು, ಅಲ್ಲೇ ಕೂತು ಅದನ್ನು ಕೊಚ್ಚಿದ. ಮನೆಗೆ ಬಂದು ಬಂಗಾರಿಗೂ ಇದ್ದದ್ದು ಇದ್ದ ಹಾಗೆ ಹೇಳಿದ. "ನಂಗೆ ಅವತ್ತೇ ಗುತ್ತಿತ್ತು. ಕೆಂದಗೆ ಯಾರು ಹೇಳೂದು?" ಎಂದಳು.

ಗಾಯ ಮಳೆಗಾಲದೊಳಗೆ ಮಾಗಿತು. ಗೆರೆಯ ಮೇಲೆ ಕೂದಲು ಬಿಳಿಯಾಗಿ ಹುಟ್ಟಿತು. ಆದರೆ ಶನಿಯಾರ ನೊಗ ಎತ್ತಿದರೆ ಕೆಂದ ಕುತ್ತಿಗೆ ಕೊಡುತ್ತಿರಲಿಲ್ಲ. ಬಂಗಾರಿಯೇ ಬಂದು ಹೂಡಬೇಕು. ಗಾಡಿಯ ಮೇಲೆ, ಹಿಂದೆ ಅವನು ಕೂತನೆಂದರೆ ಅದು ಮತ್ತೆ ಮತ್ತೆ ಕತ್ತು ತಿರುಗಿಸಿ ನೋಡುವುದು, ಹೆಜ್ಜೆ ತಪ್ಪುವುದು. ಕಡೆಗೆ ಅವನು ಗಾಡಿ ಹತ್ತುವುದನ್ನೇ ಬಿಟ್ಟ. ಎಂಬತ್ತಮೂರರಲ್ಲಿ ಕೆಂದ ಸಾಯುವ ತನಕ, ಕುಮಟೆಯ ದಾರಿಯುದ್ದಕ್ಕೂ ಅವನು ಎತ್ತುಗಳ ಮುಂದೆಯೇ ನಡೆದ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕೆಂದನಿಗೆ ಕಾಣುವ ಹಾಗೆ.